ಟ್ಯಾಬ್ ಚಾರ್ಜಿಂಗ್ ಪಿನ್ ಸಡಿಲ ಆಗ್ಯದ: ಗ್ಲಾಸ್ ಒಡೀಲಾರದಂಗ ಹೆಂಗ ಬಿಚ್ಚಬೇಕ್ರಿ?

ಗಂಜ್_ಗೆಳೆಯ (ಕಲಬುರಗಿ)
ಎಲ್ಲರಿಗೂ ನಮಸ್ಕಾರ್ರಿ. 10 ಇಂಚಿನ ಆಂಡ್ರಾಯ್ಡ್ ಟ್ಯಾಬ್, ಐದು ವರ್ಷದ್ದು. ಟೈಪ್-ಸಿ ಪಿನ್ ಸಡಿಲ ಆಗಿ, ವೈರ್ ಒಂದು ಬಾಜೂಕ ಒತ್ತಿ ಹಿಡಿದ್ರ ಮಾತ್ರ ಚಾರ್ಜ್ ಹತ್ತತದ. ಅಂಗಡಿಯಾಗ ‘ಗ್ಲಾಸ್ ಒಡದ್ರ ನಮಗ ಕೇಳಬ್ಯಾಡ್ರಿ’ ಅಂತಾರ. ಅದಕ್ಕ ಮನ್ಯಾಗೇ ಬಿಚ್ಚೋಣಂತ ವಿಚಾರ ಅದ.

ಕೈಯಾಗ ಇರೂದು: ತಲಿ ಒಣಗಸೂ ಡ್ರೈಯರ್, ಗಿಟಾರ್ ಪಿಕ್ ನಾಕು, ಒಂದು ಸಕ್ಷನ್ ಕಪ್, ಸಣ್ಣ ಸ್ಕ್ರೂಡ್ರೈವರ್ ಸೆಟ್. ಎಷ್ಟು ಬಿಸಿ ಮಾಡಬೇಕು, ಪಿಕ್ ಎಷ್ಟು ಒಳಗ ಹಾಕಬೇಕು, ಯಾವ ಬಾಜೂದಿಂದ ಸುರು ಮಾಡಬೇಕು? ಒಂದು ಅನುಕೂಲ ಏನಂದ್ರ ಎಡಗಡಿ ಅಂಚಿನ್ಯಾಗ ಗ್ಲಾಸ್ ತಾನಾಗೇ ಜರಾ ಎದ್ದದ, ಉಗುರು ಹೋಗ್ತದ. ಅಲ್ಲಿಂದನೇ ಪಿಕ್ ಹಾಕಿದ್ರ ನಡೀತದಲ್ರಿ?

ಸೂಪರ್ ಮಾರ್ಕೆಟ್ ಸೋಲ್ಡರ್
ಬಿಚ್ಚೂದು ಆಮ್ಯಾಲ. ಮೊದಲು ಪಿನ್ ಸಾಫ್ ಮಾಡೀರೇನು? ಸಡಿಲ ಅಂತ ಬರೂ ಪಿನ್‌ನಾಗ ಭಾಳಷ್ಟು ಖರೇನೇ ಸಡಿಲ ಇರಂಗಿಲ್ಲ. ತಳದಾಗ ಹತ್ತಿ, ಧೂಳು ಒತ್ತಿ ಗಟ್ಟಿ ಆಗಿರ್ತದ, ಅದಕ್ಕ ಕೇಬಲ್ ಪೂರಾ ಒಳಗ ಕೂಡಂಗಿಲ್ಲ. ಟ್ಯಾಬ್ ಆಫ್ ಮಾಡಿ, ಕಟ್ಟಿಗಿ ಟೂತ್‌ಪಿಕ್ಕಿನ ತುದಿ ಕೆತ್ತಿ ಚಪ್ಪಟ ಮಾಡಿ, ನಡುವಿನ ನಾಲಿಗಿಗೆ ಹತ್ತಲಾರದಂಗ ತಳ ಕೆರೀರಿ. ಸೂಜಿ, ಪಿನ್ನು ಬ್ಯಾಡ. ನಾಲಿಗಿ ಮ್ಯಾಲ ಎರಡೂ ಕಡಿ 12-12 ಸಂಪರ್ಕ ಇರ್ತಾವ, ಒಂದು ಕೆರದು ಬಾಗಿದ್ರ ಮುಗೀತು.

ವಾಡಿ ವೈರ್‌ಮನ್
+1. ಆದ್ರ ಬಾಯಿಲೆ ಊದಬ್ಯಾಡ್ರಿ. ನಮ್ಮ ಕಡಿ ಸಿಮೆಂಟ್ ಧೂಳು, ಬಾಯಿನ ಹಸಿ ತಾಗಿದ್ರ ಅಲ್ಲೇ ಪ್ಲಾಸ್ಟರ್ ಆಗ್ತದ.

ಗಂಜ್_ಗೆಳೆಯ
ಸಾಫ್ ಮಾಡೀನ್ರಿ, ಕೇಬಲ್ ಮೂರು ಬದಲಿ ಮಾಡಿ ನೋಡೀನಿ. ಪಿನ್ನೇ ಒಳಗ ಅಲ್ಲಾಡ್ತದ.

ಬೀದರ್ ಬೆಂಚ್
ಹಾಗಾದರೆ ಬಿಚ್ಚಲೇಬೇಕು. ಮೊದಲು ಸೀಳು ಎಲ್ಲಿದೆ ನೋಡಿ. ಟ್ಯಾಬುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಹಿಂದಿನ ಪ್ಲಾಸ್ಟಿಕ್ ಕವರು ಸುತ್ತಲೂ ಕ್ಲಿಪ್ಪಿನ ಮೇಲೆ ಕೂತಿದ್ದರೆ ಬಿಸಿ ಬೇಕಾಗಿಲ್ಲ. ಪಿಕ್ ತೂರಿಸಿ ಒಂದೊಂದೇ ಕ್ಲಿಪ್ ‘ಟಕ್’ ಅನ್ನಿಸುತ್ತ ಹೋದರೆ ಮುಗಿಯಿತು. ಎರಡನೆಯದು, ಹಿಂಭಾಗ ಮತ್ತು ಪಕ್ಕ ಒಂದೇ ಲೋಹದ ತಟ್ಟೆ, ಮುಂದಿನ ಗ್ಲಾಸು ಅಂಟಿನ ಮೇಲೆ. ಮೊದಲನೇ ಐಪ್ಯಾಡ್ ಬಿಟ್ಟರೆ ಉಳಿದ ಐಪ್ಯಾಡ್ ಎಲ್ಲ ಈ ಜಾತಿ. ಡ್ರೈಯರ್, ಸಕ್ಷನ್ ಕಪ್ ಎಲ್ಲ ಇದಕ್ಕೆ.

ಎರಡಕ್ಕೂ ಅನ್ವಯಿಸುವ ಒಂದು ಮಾತು: ಸಿಮ್ ಟ್ರೇ, ಮೆಮೊರಿ ಕಾರ್ಡ್ ಮೊದಲು ಹೊರಗೆ ತೆಗೆಯಿರಿ. ಕಾರ್ಡ್ ಒಳಗಿದ್ದಾಗಲೇ ಕವರ್ ಎತ್ತಿದರೆ ಕಾರ್ಡ್ ಎರಡು ತುಂಡು, ಅದರೊಳಗಿನ ಫೋಟೋಗಳೂ ಹೋದವು.

ಯಾದಗಿರಿ ಪಿಕ್ಸೆಲ್
ಅಂಟಿನ ಜಾತಿ ಇದ್ರ ಹಿಂಗ ಮಾಡ್ರಿ. ಡ್ರೈಯರ್ ಹೈ ಮ್ಯಾಲ ಇಟ್ಟು, ನಾಕು ಬೆರಳು ದೂರ ಹಿಡಿದು, ಒಂದೇ ಅಂಚಿನ ಉದ್ದಕ್ಕ ಅತ್ತಿಂದಿತ್ತ ಆಡಸ್ರಿ. ಎರಡು ಮೂರು ನಿಮಿಷ ಸಾಕು. ಒಂದೇ ಕಡಿ ನಿಲ್ಲಿಸಬ್ಯಾಡ್ರಿ. ಅಂಟು 60ರಿಂದ 80 ಡಿಗ್ರಿಯಾಗ ಮೆತ್ತಗ ಆಗ್ತದ. ಥರ್ಮಾಮೀಟರ್ ಇಲ್ಲಂದ್ರ ಗ್ಲಾಸಿನ ಮ್ಯಾಲ ಬೆರಳು ಇಡ್ರಿ, ಎರಡು ಸೆಕೆಂಡಿಗೆ ‘ಹಾ’ ಅಂತ ತೆಗೀಬೇಕು, ಬೊಬ್ಬಿ ಬರಬಾರದು. ಆಮ್ಯಾಲ ಅಂಚಿನಿಂದ ಒಂದು ಬೆರಳು ಒಳಗ ಸಕ್ಷನ್ ಕಪ್ ಹಚ್ಚಿ ಮ್ಯಾಲ ಎಳೀರಿ. ಕೂದಲೆಳಿ ಅಷ್ಟು ಸಂದು ಕಾಣ್ತದ, ಅದರಾಗ ಪಿಕ್ಕಿನ ಮೂಲಿ. ಎಳಿಯೂ ಜೋರು ಕಪ್ಪಿಗೆ ಇರಲಿ, ಪಿಕ್ಕಿಗೆ ಬ್ಯಾಡ.

ಮೊದಲನೇ ಪಿಕ್ ಅಲ್ಲೇ ಬಿಟ್ಟು ಎರಡನೇದು ತಗೋರಿ. ತೆಗದ್ರ ಅಂಟು ತಣ್ಣಗಾಗಿ ಮತ್ತ ಹಿಡೀತದ. ನಾಕು ಪಿಕ್ ಸಾಲಂಗಿಲ್ಲ, ಆರು ಎಂಟು ಬೇಕು. ಹಳೇ ಎಕ್ಸ್-ರೇ ಫಿಲ್ಮ್ ಕತ್ತರಿಲೆ ಪಟ್ಟಿ ಮಾಡ್ಕೋರಿ, ಸಂದು ಕಾಯಾಕ ಅದು ಪಿಕ್ಕಿಗಿಂತ ಛಲೋ.

ಶಹಾಬಾದ್ ಫರ್ಸಿ
ಇಷ್ಟೆಲ್ಲ ಯಾಕ್ರಿ? ಬ್ಯಾಸಿಗಿ ಅದ. ಮಾಳಿಗಿ ಮ್ಯಾಲ ಫರ್ಸಿ ಕಲ್ಲು ಮಧ್ಯಾಹ್ನ 2ಕ್ಕ ಕಾಲಿಡಾಕ ಆಗಲಾರದಂಗ ಕಾದಿರ್ತದ. ಗ್ಲಾಸ್ ಕೆಳಗ ಮಾಡಿ ಅರ್ಧ ತಾಸು ಇಡ್ರಿ, ಅಂಟು ತಾನೇ ಬಿಡ್ತದ. ಕರೆಂಟ್ ಹೋದ್ರೂ ಕೆಲಸ ನಿಲ್ಲಂಗಿಲ್ಲ 😄

ಬೀದರ್ ಬೆಂಚ್
ತಮಾಷೆ ಆದರೆ ಸರಿ, ನಿಜ ಅಂದರೆ ತಪ್ಪು. ಡ್ರೈಯರ್ ಬಿಸಿ ಅಂಚಿಗೆ ಮಾತ್ರ ಹೋಗುತ್ತದೆ. ಕಲ್ಲಿನ ಬಿಸಿ ಇಡೀ ಟ್ಯಾಬಿಗೆ, ಅಂದರೆ ಬ್ಯಾಟರಿಗೂ. ಲಿಥಿಯಂ ಬ್ಯಾಟರಿ 60 ಡಿಗ್ರಿ ದಾಟಬಾರದು.

ಶಹಾಬಾದ್ ಫರ್ಸಿ
ಮತ್ತ ಅಂಗಡಿಯಾಗ ಹೀಟಿಂಗ್ ಪ್ಲೇಟ್ 80ಕ್ಕ ಇಟ್ಟು ಇಡೀ ಟ್ಯಾಬ್ ಅದರ ಮ್ಯಾಲೇ ಮಲಗಸ್ತಾರಲ್ಲ? ಅಲ್ಲಿ ಬ್ಯಾಟರಿ ಇರಂಗಿಲ್ಲೇನು?

ಸೂಪರ್ ಮಾರ್ಕೆಟ್ ಸೋಲ್ಡರ್
ಪ್ರಶ್ನೆ ಬರೋಬ್ಬರಿ ಅದ, ಉತ್ತರ ಟೈಮಿನ್ಯಾಗ ಅದ. ಪ್ಲೇಟ್ ಮ್ಯಾಲ ಗ್ಲಾಸ್ ಕೆಳಗ ಮಾಡಿ ಕೆಲವೇ ನಿಮಿಷ. ಗ್ಲಾಸ್ ಕಾಯ್ತದ, ಅಂಟು ಬಿಡ್ತದ, ಬಿಸಿ ಎಲ್‌ಸಿಡಿ ದಾಟಿ ಬ್ಯಾಟರಿ ತನಕ ಹೋಗೂದರಾಗ ಎತ್ತಿಬಿಡ್ತಾರ. ನಿಮ್ಮ ಫರ್ಸಿ ಮ್ಯಾಲ ಅರ್ಧ ತಾಸು ಅಂದ್ರ ಬಿಸಿ ಒಳಗ ಇಳೀತದ, ಮ್ಯಾಲಿಂದ ಬಿಸಲು ಲೋಹದ ತಟ್ಟಿ ಕಾಸ್ತದ, ಬ್ಯಾಟರಿ ನಡುವ ರೊಟ್ಟಿ ಆಗ್ತದ. ಮ್ಯಾಲ ಎಷ್ಟು ಡಿಗ್ರಿ ಅಂತ ನಿಮ್ಮ ಕೈಯಾಗೂ ಇಲ್ಲ.

ಡ್ರೈಯರ್ ಛಲೋ ಅನ್ನೂದು ಅದರ ಜೋರು ಕಡಿಮಿ ಅಂತ. ಹೀಟ್ ಗನ್ 300 ಡಿಗ್ರಿ ದಾಟ್ತದ. ಅದರಲೆ ಗ್ಲಾಸ್ ಒಂದು ಕಡಿ ಕಾದು ಒಂದು ಕಡಿ ತಣ್ಣಗಿದ್ರ ‘ಚಟ್’ ಅಂತ ಸೀಳ್ತದ.

ಮೀಟರ್ ಅಕ್ಕ (ಕಲಬುರಗಿ)
ಎಲ್ಲಾರೂ ನಿಲ್ಲಸ್ರಿ ಒಂದು ನಿಮಿಷ. ಅವರು ಬರದ ಕೊನೀ ಸಾಲು ಯಾರಾದ್ರೂ ಓದೀರೇನು? ‘ಗ್ಲಾಸ್ ತಾನಾಗೇ ಎದ್ದದ.’

ಐದು ವರ್ಷದ ಟ್ಯಾಬಿನ ಗ್ಲಾಸ್ ಒಂದು ಬಾಜೂ ತಾನಾಗೇ ಏಳಂಗಿಲ್ರಿ, ಕೆಳಗಿಂದ ಏನೋ ದೂಡ್ತದ. ಬ್ಯಾಟರಿ ಉಬ್ಬ್ಯದ. ಒಳಗಿನ ಎಲೆಕ್ಟ್ರೋಲೈಟ್ ಒಡದು ಗ್ಯಾಸ್ ಆಗಿ, ಅಲ್ಯೂಮಿನಿಯಂ ಹಾಳಿ ಚೀಲ ತಲಿದಿಂಬಿನಂಗ ತುಂಬ್ಯದ. ಅನುಕೂಲ ಅಂತ ಅಲ್ಲಿಂದ ಪಿಕ್ ಹಾಕಿದ್ರ ಅದು ಎಲ್‌ಸಿಡಿ ಕೆಳಗ ಹಾದು ಸೀದಾ ಆ ಚೀಲಕ್ಕೇ ಹೋಗ್ತದ.

ಗಂಜ್ ಅಣ್ಣಾರ, ಇವು ನೋಡಿ ಹೇಳ್ರಿ: ಸಪಾಟ್ ಕಲ್ಲಿನ ಮ್ಯಾಲ ಬೆನ್ನು ಕೆಳಗ ಮಾಡಿ ಇಟ್ರ ತೊಟ್ಟಿಲಂಗ ಆಡ್ತದೇನು? ಬಿಳಿ ಸ್ಕ್ರೀನ್ ಹಚ್ಚಿದ್ರ ನಡುವ ಹಳದಿ ಅಥವಾ ಬೆಳ್ಳಗಿನ ಕಲಿ ಕಾಣ್ತದೇನು? ಕಲಿ ಅಂದ್ರ ಹಿಂದಿಂದ ಒತ್ತು ಬೀಳಾಕ್ಹತ್ಯದ ಅಂತ. ಚಾರ್ಜ್ ಎಷ್ಟದ? ಮತ್ತ ಈಗಿಂದ ಚಾರ್ಜಿಗೆ ಹಚ್ಚಬ್ಯಾಡ್ರಿ.

ಯಾದಗಿರಿ ಪಿಕ್ಸೆಲ್
ಅಯ್ಯೋ, ಆ ಸಾಲು ನಾನೂ ಓದೇ ಇಲ್ಲ. ಅಕ್ಕಾರು ಹೇಳಿದ್ದು ಖರೆ. ನನ್ನ ಬಿಸಿ ಲೆಕ್ಕ ಉಬ್ಬಿದ ಬ್ಯಾಟರಿಗೆ ಅಲ್ರಿ, ಅದನ್ನ ಬಿಟ್ಟುಬಿಡ್ರಿ.

ಗಂಜ್_ಗೆಳೆಯ
ಆಡ್ತದ್ರಿ ಅಕ್ಕಾ. ಎಡಗಡಿ ನಡುವ ಹಳದಿ ಕಲಿನೂ ಅದ, ಅಂಗೈಯಷ್ಟು. ಚಾರ್ಜ್ 62 ಅದ. ಸೀಳು ಗ್ಲಾಸಿಗೂ ಪಕ್ಕದ ಲೋಹಕ್ಕೂ ನಡುವ ಅದ, ಹಿಂದ ಎಲ್ಲಾ ಒಂದೇ ತುಂಡು. ಈಗ ಏನ್ ಮಾಡ್ಲಿ? ಫ್ರಿಜ್‌ನಾಗ ಇಟ್ರ ಉಬ್ಬು ಇಳೀತದಂತ ವಿಡಿಯೋದಾಗ ಹೇಳ್ಯಾರ.

ಮೀಟರ್ ಅಕ್ಕ
ಫ್ರಿಜ್ ಬ್ಯಾಡ್ರಿ. ಗ್ಯಾಸ್ ತಣ್ಣಗಾಗಿ ಜರಾ ಕುಗ್ಗಿದಂಗ ಕಾಣ್ತದ, ಹೊರಗ ತೆಗದ್ರ ಮತ್ತ ಅಷ್ಟೇ. ಮ್ಯಾಲ ಬೋರ್ಡಿನ ಮ್ಯಾಲ ನೀರು ಹನಿತದ, ಒಂದು ತೊಂದ್ರಿ ಹೋಗಿ ಎರಡು ಆಗ್ತಾವ. ಸೂಜಿಲೆ ಚುಚ್ಚಿ ಗ್ಯಾಸ್ ಬಿಡ್ರಿ ಅನ್ನೂ ವಿಡಿಯೋನೂ ಅವ, ಅವನ್ನ ತೆರೀಲೇಬ್ಯಾಡ್ರಿ.

ಮೊದಲು ಡೇಟಾ. ಫೋಟೋ, ಫೈಲ್ ಎಲ್ಲಾ ವೈಫೈ ಮ್ಯಾಲೇ ಬ್ಯಾರೆ ಕಡಿ ಕಳಸ್ರಿ. ಈಗಿನ ಆಂಡ್ರಾಯ್ಡ್ ಸ್ಟೋರೇಜ್ ಎನ್‌ಕ್ರಿಪ್ಟ್ ಆಗಿರ್ತದ, ಅಂದ್ರ ಡೇಟಾಕ್ಕ ಕೀಲಿ ಹಾಕಿದಂಗ. ಬೋರ್ಡ್ ಸತ್ರ ಮೆಮೊರಿ ಚಿಪ್ ಕಿತ್ತು ಓದ್ತೀನಂದ್ರೂ ಏನೂ ಸಿಗಂಗಿಲ್ಲ.

ಆಮ್ಯಾಲ 62ನ್ನ 25ರ ಕೆಳಗ ಇಳಸ್ರಿ. ಕಾಯೂ ಅಂಥ ಗೇಮ್ ಬ್ಯಾಡ, ಸ್ಕ್ರೀನ್ ಬೆಳಕು ಕಡಿಮಿ ಮಾಡಿ ಸುಮ್ನ ಹಚ್ಚಿಡ್ರಿ. ಇಡೂದು ಹಾಸಿಗಿ ಮ್ಯಾಲ ಅಲ್ಲ, ಬರೀ ನೆಲದ ಮ್ಯಾಲ, ಕಣ್ಣೆದುರಿಗೆ.

ಬೀದರ್ ಬೆಂಚ್
ಇಲ್ಲಿ ನನ್ನದೊಂದು ತಕರಾರು. ಉಬ್ಬಿದ ಬ್ಯಾಟರಿಯನ್ನು ಇನ್ನೂ ಬಳಸಿ ಅನ್ನುವುದು ಸರಿಯೇ? ಸ್ವಿಚ್ ಆಫ್ ಮಾಡಿ ಹಾಗೆಯೇ ಬಿಚ್ಚಿದರೆ ಒಳ್ಳೆಯದಲ್ಲವೇ?

ಮೀಟರ್ ಅಕ್ಕ
ಬಳಸೂದಲ್ರಿ ಸರ, ಖಾಲಿ ಮಾಡೂದು. ಚೀಲ ಹರದು ಒಳಗ ಶಾರ್ಟ್ ಆದ್ರ ಎಷ್ಟು ಬೆಂಕಿ ಅನ್ನೂದು ಒಳಗ ಎಷ್ಟು ಚಾರ್ಜ್ ಅದ ಅನ್ನೂದರ ಮ್ಯಾಲ. ತುಂಬಿದ್ದು ಭಗ್ ಅಂತದ, ಖಾಲಿ ಇದ್ದದ್ದು ಹೊಗಿ ಬಿಟ್ಟು ಸುಮ್ನ ಆಗೂ ಸಂಭವ ಹೆಚ್ಚು. ಹಂಗಂತ ಸೊನ್ನಿಗೆ ಇಳಿಸಿ ವಾರಗಟ್ಟಲೆ ಇಡೂದೂ ಅಲ್ಲ. 20ರ ಆಸುಪಾಸು ಬಂತಂದ್ರ ಆಫ್ ಮಾಡಿ ಬಿಚ್ರಿ. ಹೊರಗಿನ ಮೈ ಬಿಸಿ ಅನ್ನಿಸಿದ್ರ, ಸಿಹಿ ಸಿಹಿ ಥಿನ್ನರ್ ಅಂಥ ವಾಸನಿ ಬಂದ್ರ ಅಲ್ಲೇ ಬಿಟ್ಟು ಅಂಗಳಕ್ಕ ಒಯ್ಯಿರಿ. ಆ ವಾಸನಿ ಅಂದ್ರ ಚೀಲ ಈಗಾಗಲೇ ಸೋರ್ತದ.

ಬೀದರ್ ಬೆಂಚ್
ಸರಿ, ಒಪ್ಪಿದೆ.

ಭೀಮಾ ದಂಡಿ
ಇಷ್ಟು ರಿಸ್ಕ್ ಇದ್ರ ಅಂಗಡಿಗೇ ಕೊಡ್ಲಿ ಬಿಡ್ರಿ. ಮನ್ಯಾಗ ಯಾಕ?

ಸೂಪರ್ ಮಾರ್ಕೆಟ್ ಸೋಲ್ಡರ್
ಕೊಡಬಹುದು, ಆದ್ರ ‘ಬ್ಯಾಟರಿ ಉಬ್ಬ್ಯದ’ ಅಂತ ಬಾಯಿಬಿಟ್ಟು ಹೇಳಿ ಕೊಡ್ರಿ. ಬರೀ ‘ಪಿನ್ ಹಾಕ್ರಿ’ ಅಂದ್ರ ಅವರೂ ಎದ್ದ ಬಾಜೂದಿಂದಲೇ ಕಬ್ಬಿಣದ ಪತ್ತಿ ತೂರಸ್ತಾರ. ಎದುರಿಗೇ ಬಿಚ್ಚೂ ಅಂಗಡಿ ನೋಡ್ರಿ. ಚಾಕು, ಬ್ಲೇಡ್ ಕೈಯಾಗ ಹಿಡಿದ್ರ ಎದ್ದು ಬರ್ರಿ.

ಮನ್ಯಾಗ ಮಾಡೂದಿದ್ರ ಇವು ಇಟ್ಕೊಂಡು ಕೂಡ್ರಿ: ಒಣ ಉಸುಕು ಅರ್ಧ ತುಂಬಿದ ಕಬ್ಬಿಣದ ಬಕೆಟ್, ಉದ್ದ ಚಿಮಟಿಗಿ, ಕಣ್ಣಿಗೆ ಚಶ್ಮಾ, ತೆರದ ಕಿಟಕಿ. ಕೆಲಸದ ಜಾಗದ ಮ್ಯಾಲ ಫ್ಯಾನ್ ಬ್ಯಾಡ, ಸ್ಕ್ರೂ ಹಾರ್ತಾವ. ಹೊಗಿ ಬಂತಂದ್ರ ಚಿಮಟಿಗಿಲೆ ಬಕೆಟ್‌ಗೆ ಹಾಕಿ ಮ್ಯಾಲ ಉಸುಕು ಸುರದು ಬಕೆಟ್ ಸಮೇತ ಹೊರಗ. ಆ ಹೊಗಿ ಕುಡೀಬ್ಯಾಡ್ರಿ, ಅದರಾಗ ಹೈಡ್ರೋಜನ್ ಫ್ಲೋರೈಡ್ ಇರ್ತದ, ಎದಿ ಸುಡ್ತದ. ಉಸುಕು ಬೆಂಕಿ ಹರಡಲಾರದಂಗ ಹಿಡೀತದ ಅಷ್ಟೇ, ತಣ್ಣಗ ಮಾಡಂಗಿಲ್ಲ. ತಾಸು ತನಕ ಮುಟ್ಟಬ್ಯಾಡ್ರಿ.

ಗಂಜ್_ಗೆಳೆಯ
ಉಸುಕು ಅದ, ಬಾಜೂ ಮನಿ ಕಟ್ಟಡ ನಡದದ 🙂 ಬಿಸಿ ಮಾಡಬಾರದು ಅಂದ್ರ ಅಂಟು ಹೆಂಗ ಬಿಡಸೂದು?

ಸೂಪರ್ ಮಾರ್ಕೆಟ್ ಸೋಲ್ಡರ್
ಬಾಜೂ ಮನಿ ಉಸುಕು ಹಸಿ ಇರ್ತದ, ಬಿಸಲಿಗೆ ಹರವಿ ಒಣಗಸ್ರಿ. ಫರ್ಸಿ ಅಣ್ಣಾನ ಮಾಳಿಗಿ ಅದಕ್ಕ ಬೇಕಾದ್ರ ಬಳಸ್ರಿ.

ಶಹಾಬಾದ್ ಫರ್ಸಿ
ಸಿಕ್ತು ನೋಡ್ರಿ ನನ್ನ ಕಲ್ಲಿಗೆ ಕೆಲಸ.

ಮೀಟರ್ ಅಕ್ಕ
ಐಸೊಪ್ರೊಪೈಲ್ ಆಲ್ಕೋಹಾಲ್ 99ರದ್ದು, ಅಂಗಡಿಯಾಗ ಐಪಿಎ ಅಂದ್ರ ಕೊಡ್ತಾರ. ಸೂಜಿ ತೆಗದ ಸಿರಿಂಜಿಗೆ ತುಂಬಿ, ಎದ್ದ ಬಾಜೂಕ್ಕ ಎದುರಾಗಿರೂ ಬಲಗಡಿ ಅಂಚಿಗೆ ಹನಿ ಹನಿ ಬಿಡ್ರಿ. ಎರಡು ನಿಮಿಷ ಕಾದು ಪಿಕ್. ಬಿಗಿ ಅದ ಅಂದ್ರ ಆ ಅಂಚಿಗೆ ಮಾತ್ರ ಡ್ರೈಯರ್ ಲೋ ಮ್ಯಾಲ, ಅದೂ ಐಪಿಎ ಬಿಡೂಕಿಂತ ಮೊದಲು. ಆಲ್ಕೋಹಾಲ್ ಹಸಿ ಇದ್ದಾಗ ಡ್ರೈಯರ್ ಹಚ್ಚಿದ್ರ ಬ್ಯಾಟರಿ ಬ್ಯಾಡ, ಅದೇ ಹತ್ಕೋತದ.

ಟ್ಯಾಬ್ ಓರೆ ಹಿಡೀರಿ, ಹನಿ ಹೊರಗ ಹರೀಬೇಕು. ಎಲ್‌ಸಿಡಿ ಹಿಂದ ಬೆಳಕಿನ ಹಾಳಿ ಮೂರ್ನಾಕು ಪದರು ಇರ್ತಾವ. ಅವುಗಳ ನಡುವ ಐಪಿಎ ಇಳದ್ರ ಸ್ಕ್ರೀನಿನ ಮ್ಯಾಲ ಮೋಡ ಕವದಂಗ ಕಲಿ, ಅದು ಹೋಗಂಗಿಲ್ಲ.

ಭೀಮಾ ದಂಡಿ
ಸ್ಯಾನಿಟೈಜರ್ ನಡೀತದಲ್ಲ, ಅದೂ ಆಲ್ಕೋಹಾಲೇ.

ವಾಡಿ ವೈರ್‌ಮನ್
ಪೆಟ್ರೋಲ್?

ಮೀಟರ್ ಅಕ್ಕ
ಸ್ಯಾನಿಟೈಜರ್‌ನಾಗ ನೀರು, ಗ್ಲಿಸರಿನ್ ಇರ್ತಾವ, ಬೋರ್ಡಿನ ಮ್ಯಾಲ ಜಿಗಟು ಉಳೀತದ. ಔಷಧ ಅಂಗಡಿ 70ರ ಸ್ಪಿರಿಟ್‌ನಾಗೂ 30 ಪಾಲು ನೀರು. ಥಿನ್ನರ್, ಉಗುರುಬಣ್ಣ ಅಳಸೂ ಅಸಿಟೋನ್ ಪ್ಲಾಸ್ಟಿಕ್ ಫ್ರೇಮ್ ಕರಗಸ್ತಾವ, ಸ್ಕ್ರೀನಿನ ಪೋಲರೈಜರ್ ಬೆಳ್ಳಗ ಮಾಡ್ತಾವ. ಪೆಟ್ರೋಲ್‌ಗೆ ಉತ್ತರ ಕೊಡಂಗಿಲ್ಲ ನಾನು.

ಯಾದಗಿರಿ ಪಿಕ್ಸೆಲ್
ಪಿಕ್ ಆಳದ ಬಗ್ಗೆ ಯಾರೂ ಹೇಳ್ಲಿಲ್ಲ. ಅಂಟಿನ ಪಟ್ಟಿ ಭಾಳ ಕಡಿ 3–5 ಮಿ.ಮೀ. ಅಗಲ ಅಷ್ಟೇ. ಪಿಕ್ ಅದಕ್ಕಿಂತ ಒಳಗ ಹೋಗಬೇಕಾದ ಕೆಲಸಾನೇ ಇಲ್ಲ. ಪಿಕ್ಕಿನ ಮ್ಯಾಲ ತುದಿಯಿಂದ 4 ಮಿ.ಮೀ.ಗೆ ಮಾರ್ಕರ್‌ಲೆ ಗೆರಿ ಹಾಕ್ರಿ. ಗೆರಿ ಮುಳುಗ್ತಂದ್ರ ನಿಲ್ಲಸ್ರಿ.

ಒಂದು ಬಾಜೂ ಮಾತ್ರ ಕೊನೀತನಕ ಕೊಯ್ಯಬ್ಯಾಡ್ರಿ, ಟಚ್ ಮತ್ತ ಡಿಸ್‌ಪ್ಲೇ ಸ್ಟ್ರಿಪ್ (ಬೋರ್ಡಿಗೆ ಹೋಗೂ ಚಪ್ಪಟ ವೈರ್ ಪಟ್ಟಿ) ಹಾದು ಹೋಗೂ ಬಾಜೂ. ನಿಮ್ಮ ಮಾಡೆಲ್ ನಂಬರ್ ಹಾಕಿ ಬಿಚ್ಚಿದ ಫೋಟೋ ಹುಡುಕ್ರಿ, ಸ್ಟ್ರಿಪ್ ಯಾವ ಕಡಿ ಅದ ಗೊತ್ತಾಗ್ತದ. ಆ ಬಾಜೂ ಬಿಟ್ಟು ಉಳದ ಮೂರೂ ಕೊಯ್ದು ಪುಸ್ತಕ ತೆರದಂಗ ಎತ್ತಬೇಕು. ಐಪ್ಯಾಡ್ 2ರಾಗ ಬಲಗಡಿ ಕೆಳಗಿನ ಅಂಚಿನ್ಯಾಗ ವೈಫೈ ಆಂಟೆನಾ ಕೂತದ, ಅಲ್ಲಿ ಪಿಕ್ ಜೋರು ಮಾಡಿದವರ ಟ್ಯಾಬ್‌ಗೆ ರೂಟರ್ ಬಾಜೂ ಇಟ್ರೂ ಸಿಗ್ನಲ್ ಬರಂಗಿಲ್ಲ. ಕ್ಯಾಮೆರಾ ಮುಂದ ಬಂದಾಗ ಪಿಕ್ ಹೊರಗ ತೆಗದು ಆಚಿ ಬಾಜೂ ಹಾಕ್ರಿ. ಎಳಕೊಂಡು ಹೋದ್ರ ಲೆನ್ಸಿಗೆ ಅಂಟು ಬಳೀತದ.

ಬಿದ್ರಿ ಪ್ರಿಯ
ಒಟ್ಟಿನಾಗ ಬಿದ್ರಿ ಕೆತ್ತಾವರ ಕೈ ಬೇಕು ಅನ್ರಿ.

ಬೀದರ್ ಬೆಂಚ್
ಬಿದ್ರಿ ಕೆಲಸಕ್ಕೆ ಉಳಿ ಸುತ್ತಿಗೆ ಬೇಕು, ಇಲ್ಲಿ ಅವೆರಡೂ ಹತ್ತಿರ ಬರಬಾರದು. ಆದರೆ ಒಂದು ನಂಟು ಇದೆ. ಬಿದ್ರಿಯ ಸತುವಿನ ಮೈ ಕಪ್ಪಾಗಿಸಲು ಬೀದರ್ ಕೋಟೆಯ ಮಣ್ಣಿನ ಜೊತೆ ಬೆರೆಸುವ ನವಸಾಗರವೇ ಹಳೆಯ ತಾಮ್ರದ ಸೋಲ್ಡರಿಂಗ್ ಐರನ್‌ನ ತುದಿ ಉಜ್ಜುವುದಕ್ಕೂ ಬಳಕೆಯಲ್ಲಿತ್ತು. ಈಗಿನ ಲೇಪನದ ತುದಿಗೆ ಅದು ಬೇಡ, ಬೋರ್ಡಿನ ಹತ್ತಿರವಂತೂ ಬೇಡವೇ ಬೇಡ. ಉಳಿದ ಪುಡಿ ತಾಮ್ರವನ್ನು ತಿಂದು ಹಸಿರು ಹಿಡಿಸುತ್ತದೆ.

ಭೀಮಾ ದಂಡಿ
ಕೋಟಿ ಮಣ್ಣು ತನಕ ಹೋತು ಮಾತು. ವಾಪಸ್ ಬರ್ರಿ.

ಸೂಪರ್ ಮಾರ್ಕೆಟ್ ಸೋಲ್ಡರ್
ಬಂದೆ. ಗ್ಲಾಸ್ ಎದ್ದಮ್ಯಾಲ ಮಾಡೂ ಮೊದಲ ಕೆಲಸ ಬ್ಯಾಟರಿ ಕನೆಕ್ಷನ್ ತೆಗಿಯೂದು. ಡಿಸ್‌ಪ್ಲೇ ಸ್ಟ್ರಿಪ್ ಮೊದಲು ಎಳದ್ರ ಏನಾಗ್ತದ ಗೊತ್ತೇನ್ರಿ? ಸ್ಕ್ರೀನಿನ ಬ್ಯಾಕ್‌ಲೈಟ್ ಲೈನಿನ್ಯಾಗ ಬ್ಯಾಟರಿಗಿಂತ ಹೆಚ್ಚು ವೋಲ್ಟ್ ಇರ್ತದ, ಎಲ್‌ಇಡಿ ಸಾಲಾಗಿ ಜೋಡಿಸಿರ್ತಾರ. ಕನೆಕ್ಟರ್ ಓರೆಯಾಗಿ ಕಿತ್ತಾಗ ಆ ಪಿನ್ ಬಾಜೂದಕ್ಕ ತಾಗಿ ಬ್ಯಾಕ್‌ಲೈಟ್ ಫ್ಯೂಸ್ ಹೋಗ್ತದ. ಆಮ್ಯಾಲ ‘ಡಿಸ್‌ಪ್ಲೇ ಬರ್ತದ ಆದ್ರ ಕಪ್ಪು, ಟಾರ್ಚ್ ಹಿಡಿದ್ರ ಮಂದ ಕಾಣ್ತದ’ ಅಂತ ಕೇಳ್ಕೋತ ಬರ್ತಾರ.

ಕನೆಕ್ಟರ್ ಎರಡು ನಮೂನಿ. ಒತ್ತಿ ಕೂಡಸೂದು: ಪ್ಲಾಸ್ಟಿಕ್ ತುದಿಲೆ ಸೀದಾ ಮ್ಯಾಲ ಎತ್ತಬೇಕು, ಓರೆ ಅಲ್ಲ. ಕೀಲು ಇರೂದು: ಕಪ್ಪು ಅಥವಾ ಕಂದು ಪಟ್ಟಿ 90 ಡಿಗ್ರಿ ಏಳ್ತದ, ಎದ್ದಮ್ಯಾಲ ಸ್ಟ್ರಿಪ್ ತಾನೇ ಜಾರಿ ಬರ್ತದ. ಕೀಲು ಎತ್ತಲಾರದಂಗ ಸ್ಟ್ರಿಪ್ ಎಳದ್ರ ಕನೆಕ್ಟರೇ ಬೋರ್ಡ್ ಬಿಟ್ಟು ಕೈಗೆ ಬರ್ತದ. ಮೊದಲು ಮ್ಯಾಲಿನ ತಗಡಿನ ಮುಚ್ಚಳದ ಸ್ಕ್ರೂ ತೆಗೀರಿ, ಹಾಳ್ಯಾಗ ಚಿತ್ರ ತೆಗದು ಯಾವ ಸ್ಕ್ರೂ ಎಲ್ಲಿಂದು ಅಂತ ಅಲ್ಲೇ ಟೇಪ್‌ಲೆ ಅಂಟಸ್ರಿ. ಅರ್ಧ ಮಿ.ಮೀ. ಉದ್ದನ್ನ ಸ್ಕ್ರೂ ತಪ್ಪು ತೂತಿಗೆ ಬಿಗದ್ರ ಬೋರ್ಡಿನ ಒಳಪದರು ಕೊರೀತದ. ಹೊರಗಿಂದ ಏನೂ ಕಾಣಂಗಿಲ್ಲ, ಟ್ಯಾಬ್ ಸತ್ತಿರ್ತದ.

ಭಾಳಷ್ಟು ಐಪ್ಯಾಡ್‌ನಾಗ ಬ್ಯಾಟರಿ ಕನೆಕ್ಟರ್ ಬೋರ್ಡಿನ ಕೆಳಗ ಇರ್ತದ, ಕಿತ್ತಾಕ ಬರಂಗಿಲ್ಲ. ಅಲ್ಲಿ ತೆಳ್ಳನ ಪ್ಲಾಸ್ಟಿಕ್ ಪತ್ತಿ ಬೋರ್ಡಿನ ಕೆಳಗ ತೂರಿಸಿ ಸಂಪರ್ಕ ಕಡೀತಾರ. ಹೊಸಬರು ಅದರಲೆ ಸುರು ಮಾಡೂದು ಬ್ಯಾಡ.

ಗಂಜ್_ಗೆಳೆಯ
ಉಬ್ಬಿದ್ದು ತಳಕ್ಕ ಅಂಟಿಸಿರ್ತಾರಲ್ರಿ, ಅದನ್ನ ಹೆಂಗ ಎತ್ತೂದು?

ಮೀಟರ್ ಅಕ್ಕ
ಇದೇ ಎಲ್ಲಕ್ಕಿಂತ ತಾಳ್ಮಿ ಬೇಡೂ ಜಾಗ. ಮೊದಲು ಬ್ಯಾಟರಿ ಅಂಚಿಗೆ ಎಳಿಯೂ ನಾಲಿಗಿ ಅದೇನು ನೋಡ್ರಿ, ಇದ್ರ ಅದನ್ನ ಅಡ್ಡಕ್ಕ, ತಳಕ್ಕ ಸಮ ಹಿಡಿದು ಮೆಲ್ಲಕ ಎಳೀರಿ. ಇಲ್ಲಂದ್ರ ಚೀಲದ ಸುತ್ತ ಐಪಿಎ ಹನಿ ಬಿಟ್ಟು ಐದು ನಿಮಿಷ ಕೂಡ್ರಿ. ಹಲ್ಲಿನ ಫ್ಲಾಸ್ ಇಲ್ಲಾ ಮೀನು ಹಿಡಿಯೂ ನೈಲಾನ್ ದಾರ ಕೆಳಗ ತೂರಿಸಿ, ಎರಡೂ ತುದಿ ಹಿಡಿದು ಗರಗಸದಂಗ ಆಡಸ್ರಿ, ಆದ್ರ ಭಾಳ ನಿಧಾನ. ಸಿಕ್ಕಲ್ಲಿ ಮತ್ತ ಎರಡು ಹನಿ. ದಾರ ತಳದ ಲೋಹಕ್ಕ ಒತ್ತಿ ಇರಬೇಕು, ಚೀಲಕ್ಕಲ್ಲ.

ಕಬ್ಬಿಣದ ಪತ್ತಿ ಬ್ಯಾಡ, ಒಂದು ಮೂಲಿ ಹಿಡಿದು ರೊಟ್ಟಿ ಎತ್ತಿದಂಗ ಮಡಚೂದು ಬ್ಯಾಡ. ಮಡಚಿದಲ್ಲಿ ಒಳಗಿನ ಪದರು ಒಂದಕ್ಕೊಂದು ತಾಗ್ತಾವ. ನಡುವಿನ ಪ್ಲಾಸ್ಟಿಕ್ ಪದರು ಸುಮಾರು 130 ಡಿಗ್ರಿಗೆ ಕರಗ್ತದ, ಶಾರ್ಟ್ ಆದ ಜಾಗ ಅಷ್ಟು ಕಾಯಾಕ ಹೊತ್ತು ಬೇಕಾಗಿಲ್ಲ.

ಹೊರಗ ಬಂದಮ್ಯಾಲ ಕನೆಕ್ಟರಿಗೆ ಟೇಪ್ ಸುತ್ತಿ ಉಸುಕಿನ ಬಕೆಟ್‌ನಾಗ, ಮನಿ ಹೊರಗ. ಕಸದ ಗಾಡಿಗೆ ಕೊಡಬ್ಯಾಡ್ರಿ, ಒತ್ತಿದ್ರ ಗಾಡಿಯಾಗೇ ಹತ್ಕೋತದ. 2022ರ ಬ್ಯಾಟರಿ ತ್ಯಾಜ್ಯ ನಿಯಮ ಹಳೇ ಬ್ಯಾಟರಿ ವಾಪಸ್ ತಗೊಳ್ಳೂ ಜವಾಬ್ದಾರಿ ತಯಾರಕರ ಮ್ಯಾಲ ಹಾಕ್ಯದ. ಕಂಪನಿ ಸರ್ವಿಸ್ ಸೆಂಟರ್‌ನಾಗ ಅದನ್ನ ಹೇಳಿ ಕೊಡ್ರಿ.

ಯಾದಗಿರಿ ಪಿಕ್ಸೆಲ್
ಹೊಸ ಬ್ಯಾಟರಿ ತರುವಾಗ ಬರೀ ಎಂಎಎಚ್ (ಎಷ್ಟು ಚಾರ್ಜ್ ಹಿಡೀತದ ಅನ್ನೂ ಅಂಕಿ) ನೋಡಿ ತರಬ್ಯಾಡ್ರಿ. ಅಗ್ಗದ ಟ್ಯಾಬಿನ ಚೀಲದ ಮ್ಯಾಲ 3570100 ಅಂಥ ನಂಬರ್ ಇರ್ತದ: 3.5 ಮಿ.ಮೀ. ದಪ್ಪ, 70 ಅಗಲ, 100 ಉದ್ದ. ಅರ್ಧ ಮಿ.ಮೀ. ದಪ್ಪ ಹೆಚ್ಚಾದ್ರ ಗ್ಲಾಸ್ ಕೂಡಂಗಿಲ್ಲ, ಒತ್ತಿ ಕೂಡಸಿದ್ರ ಮತ್ತದೇ ಹಳದಿ ಕಲಿ.

ವೋಲ್ಟೇಜೂ ನೋಡ್ರಿ. ಕೆಲವು 4.2ಕ್ಕ ತುಂಬ್ತಾವ, ಕೆಲವು 4.35ಕ್ಕ. 4.35ರ ಟ್ಯಾಬ್‌ಗೆ 4.2ರ ಬ್ಯಾಟರಿ ಹಾಕಿದ್ರ ಟ್ಯಾಬ್ ಅದನ್ನ ಹೆಚ್ಚಿಗೆ ತುಂಬಸ್ತದ. ಅಂದ್ರ ಮುಂದಿನ ವರ್ಷ ಇದೇ ಪ್ರಶ್ನಿ ಮತ್ತ ಇಲ್ಲೇ ಬರ್ತದ.

ಭೀಮಾ ದಂಡಿ
ಎಲ್ಲಿ ಸಿಗ್ತಾವ ಇವು? ಹೈದರಾಬಾದ್‌ಗೇ ಹೋಗಬೇಕೇನು?

ಸೂಪರ್ ಮಾರ್ಕೆಟ್ ಸೋಲ್ಡರ್
ಅಬಿಡ್ಸ್‌ನ ಜಗದೀಶ್ ಮಾರ್ಕೆಟ್‌ನಾಗ ಮೊಬೈಲ್, ಟ್ಯಾಬ್ ಸಾಮಾನು ಸಿಗ್ತದ. ಹಳೇ ಬ್ಯಾಟರಿ ಒಯ್ಯಬ್ಯಾಡ್ರಿ, ಅದರಾಗೂ ಉಬ್ಬಿದ್ದು ರೈಲಿನ್ಯಾಗ. ಸ್ಕೇಲ್ ಬಾಜೂ ಇಟ್ಟು ಫೋಟೋ ತೆಗದು ಒಯ್ಯಿರಿ.

ವಾಡಿ ವೈರ್‌ಮನ್
ಸೊಲ್ಲಾಪುರ ಹತ್ತಿರ ಆಗ್ತದಲ್ಲ.

ಸೂಪರ್ ಮಾರ್ಕೆಟ್ ಸೋಲ್ಡರ್
ಹತ್ತಿರ ಆಗ್ತದ ಖರೆ, ಆದ್ರ ಟ್ಯಾಬಿನ ಸಾಮಾನಿಗೆ ಹೈದರಾಬಾದೇ.

ಬೀದರ್ ಬೆಂಚ್
ಪಿನ್ನಿನ ವಿಷಯವನ್ನೇ ಎಲ್ಲರೂ ಮರೆತಂತಿದೆ. ಬಿಚ್ಚಿದ ಮೇಲೆ ಸಿ-ಪಿನ್ ಸಣ್ಣ ಬೇರೆ ಬೋರ್ಡಿನ ಮೇಲಿದೆಯೋ, ಮುಖ್ಯ ಬೋರ್ಡಿನ ಮೇಲೋ ನೋಡಿ. ಸಣ್ಣ ಬೋರ್ಡ್ ಆದರೆ ಆ ಬೋರ್ಡನ್ನೇ ಬದಲಿಸಿ, ಎರಡು ಸ್ಕ್ರೂ ಮತ್ತು ಒಂದು ಸ್ಟ್ರಿಪ್ಪಿನ ಕೆಲಸ. ಮುಖ್ಯ ಬೋರ್ಡಿನಲ್ಲಿದ್ದರೆ ನಿಮ್ಮ ಕೆಲಸ ಬ್ಯಾಟರಿ ತೆಗೆಯುವವರೆಗೆ. ಬರೀ ಬೋರ್ಡನ್ನು ಎಸ್‌ಎಂಡಿ ಮಶೀನ್ (ಬಿಸಿ ಗಾಳಿಯಿಂದ ಸಣ್ಣ ಭಾಗಗಳನ್ನು ಬೆಸೆಯುವ ಯಂತ್ರ) ಇರುವವರಿಗೆ ಕೊಡಿ. ಬ್ಯಾಟರಿಯೂ ಇಲ್ಲ, ಗ್ಲಾಸೂ ಇಲ್ಲ, ಒಡೆಯುವ ಮಾತೇ ಬರುವುದಿಲ್ಲ.

ಪಿನ್ನಿನ ನಾಲ್ಕು ಕಾಲುಗಳು ಬೋರ್ಡಿನ ತೂತಿನಲ್ಲಿ ಇಳಿದಿರುತ್ತವೆ. ಅಲುಗಾಡುವುದು ಆ ಬೆಸುಗೆ ಬಿರುಕು ಬಿಟ್ಟಾಗ. ಹಲವು ಸಲ ಪಿನ್ ಬದಲಿಸದೆ ಆ ನಾಲ್ಕಕ್ಕೆ ಹೊಸ ಸೋಲ್ಡರ್ ಕೊಟ್ಟರೆ ಸಾಕು. ಕೆಲಸ ಮುಗಿದ ಮೇಲೆ ಎರಡು ಕೇಬಲ್‌ನಲ್ಲಿ ಪರೀಕ್ಷೆ ಮಾಡಿಸಿ. ಎ-ಸಿ ಕೇಬಲ್‌ನಲ್ಲಿ (ಚಾರ್ಜರ್ ತುದಿ ಹಳೆಯ ಅಗಲ ಯುಎಸ್‌ಬಿ) ಚಾರ್ಜ್ ಆಗಿ ಸಿ-ಸಿ ಕೇಬಲ್‌ನಲ್ಲಿ (ಎರಡೂ ತುದಿ ಟೈಪ್-ಸಿ) ಆಗದಿದ್ದರೆ ಸಿಸಿ ಪಿನ್ನಿನ (ಟ್ಯಾಬ್ ಜೋಡಿಸಿದೆ ಎಂದು ಚಾರ್ಜರಿಗೆ ತಿಳಿಸುವ ಪಿನ್) ಸಂಪರ್ಕ ಕೂತಿಲ್ಲ, ಅಥವಾ ಅದರ 5.1 ಕಿಲೊಓಮ್ ರೆಸಿಸ್ಟರ್ ಬಿಸಿಯಲ್ಲಿ ಹಾರಿಹೋಗಿದೆ ಎಂದರ್ಥ.

ಬಿದ್ರಿ ಪ್ರಿಯ
ಬ್ಯಾಟರಿ ತೆಗದು ಸೀದಾ ಚಾರ್ಜರ್ ಮ್ಯಾಲೇ ನಡಸಬಹುದಾ? ಗ್ವಾಡಿಗೆ ಗಡಿಯಾರ ಮಾಡಾಕ.

ಯಾದಗಿರಿ ಪಿಕ್ಸೆಲ್
ಚಾರ್ಜಿಂಗ್ ಪಿನ್ನಿಗೆ ಕರೆಂಟ್ ಕೊಟ್ರ ಭಾಳ ಟ್ಯಾಬ್ ಸುರು ಆಗಂಗಿಲ್ಲ, ಬ್ಯಾಟರಿ ಜಾಗಕ್ಕೇ ಕೊಡಬೇಕು. 5 ವೋಲ್ಟ್ 3 ಆಂಪ್ ಸಪ್ಲೈ, ನಡುವ ವೋಲ್ಟೇಜ್ ಇಳಸೂ ಮಾಡ್ಯೂಲ್ 4.0 ವೋಲ್ಟ್‌ಗೆ ಇಟ್ಟು, ಬ್ಯಾಟರಿಯ ಸಣ್ಣ ರಕ್ಷಣಾ ಬೋರ್ಡಿನ ಸೆಲ್ ಕಡಿ + ಮತ್ತ −ಗೆ. ಸುರು ಆಗೂ ಹೊತ್ತಿಗೆ ಕರೆಂಟ್ ಏಕದಂ ಎಳೀತದ, 2200 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಲಿಲ್ಲಂದ್ರ ಲೋಗೋ ಬಂದು ಆರ್ತದ. ಮೀಟರ್ ಹಚ್ಚಿ 4.0 ಖಾತ್ರಿ ಮಾಡ್ಕೊಂಡೇ ಜೋಡಸ್ರಿ.

ಮೀಟರ್ ಅಕ್ಕ
ಸೆಲ್ಲಿನ ಹಾಳಿ ಕತ್ತರಿಸಿ ಆ ಸಣ್ಣ ಬೋರ್ಡ್ ತೆಗಿಯೂವಾಗ ಒಂದೇ ಕಾಲು ಒಂದು ಸಲಕ್ಕ ಕತ್ತರಸ್ರಿ, ಕತ್ತರಿಸಿದ್ದಕ್ಕ ಟೇಪ್ ಹಚ್ಚಿ ಆಮ್ಯಾಲ ಎರಡನೇದು. ಕತ್ತರಿ ಎರಡಕ್ಕೂ ಒಟ್ಟಿಗೆ ತಾಗಿದ್ರ ಕತ್ತರಿ ಬಾಯೇ ಕರಗ್ತದ. ಉಬ್ಬಿದ ಬ್ಯಾಟರಿಗೆ ಈ ಆಟ ಬ್ಯಾಡ, ಗಂಜ್ ಅಣ್ಣಾರ ಇದನ್ನ ಓದಿಲ್ಲ ಅಂತ ತಿಳಕೋರಿ.

ಶಹಾಬಾದ್ ಫರ್ಸಿ
ಮುಚ್ಚೂದು ಹೇಳ್ರಿ ಯಾರಾರ. ಫೆವಿಕ್ವಿಕ್ ನಾಕು ಹನಿ ಸಾಕಲ್ಲ?

ಸೂಪರ್ ಮಾರ್ಕೆಟ್ ಸೋಲ್ಡರ್
ಬ್ಯಾಡೋ ಮಾರಾಯಾ. ಅದರ ಹೊಗಿ ಗ್ಲಾಸಿನ ಒಳಗ ಬೆಳ್ಳಗ ಕೂಡ್ತದ, ಮತ್ತ ಬಿಚ್ಚಬೇಕಂದ್ರ ಗ್ಲಾಸ್ ಒಡದೇ ಬಿಚ್ಚಬೇಕು. ಹಳೇ ಅಂಟು ಪೂರಾ ಕೆರದು ಐಪಿಎಲೆ ಒರಸಿ, 2 ಮಿ.ಮೀ. ಅಗಲದ ಡಬಲ್ ಟೇಪ್ ಇಲ್ಲಾ ಬಿ-7000 ಗಮ್. ಗಮ್ ಎಳಿ ದಾರದಷ್ಟು ತೆಳ್ಳಗ ಬಿಡ್ರಿ. ಹೆಚ್ಚಾದ್ರ ಸ್ಪೀಕರ್ ಜಾಳಿಗಿ, ಮೈಕ್ ತೂತು ಮುಚ್ತದ. ಗಮ್ ಹಚ್ಚೂಕಿಂತ ಮೊದಲು ಎಲ್ಲಾ ಜೋಡಿಸಿ ಸುರು ಮಾಡಿ ಟಚ್ ಮೂಲಿ ಮೂಲಿ ನೋಡ್ರಿ. ಟಚ್ ತಾನಾಗೇ ಒತ್ತಿದಂಗ ಆಡಿದ್ರ ಸ್ಟ್ರಿಪ್ ಎಲ್ಲೋ ಫ್ರೇಮ್‌ಗೆ ತಾಗ್ಯದ, ನಡುವ ಕ್ಯಾಪ್ಟಾನ್ ಟೇಪ್ (ಕರೆಂಟ್ ತಡಿಯೂ ತೆಳ್ಳನ ಟೇಪ್) ಹಾಕ್ರಿ.

ಗಮ್ ಹಚ್ಚಿದಮ್ಯಾಲ 24 ತಾಸು ಒತ್ತು ಬೇಕು. ಮ್ಯಾಲ ದಪ್ಪ ಬಟ್ಟಿ, ಅದರ ಮ್ಯಾಲ ಸಪಾಟ್ ಫರ್ಸಿ ತುಂಡು, ಒಂದಡಿ ಚೌಕದ್ದು. ನೆರಳಾಗ.

ಶಹಾಬಾದ್ ಫರ್ಸಿ
ಎರಡನೇ ಕೆಲಸ ಸಿಕ್ತು! ನಮ್ಮ ಕಲ್ಲಿಗೆ ಪಗಾರ ಹಚ್ರಿ.

ಗಂಜ್_ಗೆಳೆಯ
ಎರಡು ದಿನ ಆತ್ರಿ, ಚಾರ್ಜ್ 19ಕ್ಕ ಬಂತು, ಆಫ್ ಮಾಡಿ ಬಿಚ್ಚೀನಿ. ಬಲಗಡಿ ಅಂಚಿಗೆ ಐಪಿಎ ಬಿಟ್ಟು ಸುರು ಮಾಡಿದ್ದು, ಮುಕ್ಕಾಲು ತಾಸು ಹಿಡೀತು. ಗ್ಲಾಸ್ ಉಳೀತು. ಬ್ಯಾಟರಿ ಬಕೆಟ್‌ನಾಗ ಅದ, ನಡುವ ಒಂದು ಬೆರಳು ಉಬ್ಬಿತ್ತು. ಪಿನ್ ಸಣ್ಣ ಬ್ಯಾರೆ ಬೋರ್ಡ್ ಮ್ಯಾಲೇ ಅದ. ಬ್ಯಾಟರಿ ಮ್ಯಾಲ 4.35 ಅಂತ ಬರದದ, ವೈರ್ ಮೂರು: ಕೆಂಪು, ಕರಿ, ಹಳದಿ. ಎರಡು ವೈರಿಂದು ಕಡಿಮಿ ರೇಟಿಗೆ ಸಿಗ್ತದ, ಹಳದಿ ಬಿಟ್ರ ನಡೀತದೇನು?

ಮೀಟರ್ ಅಕ್ಕ
ನಡಿಯಂಗಿಲ್ಲ. ಹಳದಿ ಬಹುಶಃ ಬಿಸಿ ಅಳಿಯೂ ಥರ್ಮಿಸ್ಟರಿಂದು, ಸಾಮಾನ್ಯ 10 ಕಿಲೊಓಮ್. ಅದಿಲ್ಲಂದ್ರ ಟ್ಯಾಬ್ ಚಾರ್ಜ್ ಮಾಡಂಗಿಲ್ಲ. ಬರೀ ರೆಸಿಸ್ಟರ್ ಹಾಕಿ ಮೋಸ ಮಾಡಿದ್ರ ಬ್ಯಾಟರಿ ಕಾದ್ರೂ ಟ್ಯಾಬ್‌ಗೆ ಗೊತ್ತಾಗಂಗಿಲ್ಲ, ಅದೂ ನಮ್ಮ ಊರಿನ ಬ್ಯಾಸಿಗ್ಯಾಗ. ಮೂರು ವೈರಿಂದೇ ತರ್ರಿ. ಬಂದಮ್ಯಾಲ ಕನೆಕ್ಟರ್ ಚುಚ್ಚೂಕಿಂತ ಮೊದಲು ಮೀಟರ್ ಹಚ್ಚಿ + ಯಾವುದು ನೋಡ್ರಿ. ಬದಲಿ ಬ್ಯಾಟರಿಗಳಾಗ ಕನೆಕ್ಟರ್ ಅದೇ ಇದ್ದು ವೈರ್ ಉಲ್ಟಾ ಇರೂದು ಭಾಳ. ಬಣ್ಣ ನಂಬಬ್ಯಾಡ್ರಿ, ಬೋರ್ಡ್ ಮ್ಯಾಲಿನ ಗುರ್ತು ನಂಬ್ರಿ. ಕನೆಕ್ಟರ್ ಫೋಟೋ ಇಲ್ಲೇ ಹಾಕ್ರಿ.

ಗಂಜ್_ಗೆಳೆಯ
ಹಾಕ್ತೀನ್ರಿ ಅಕ್ಕಾ. ಕರೆಂಟ್ ಬರ್ಲಿ.